ಕರಿಮೆಣಸಿನ ಬಳ್ಳಿಯ ಬುಡಕೊಳೆ ರೋಗ: ಮಳೆಗೆ ಮುನ್ನ ಮಾಡತಕ್ಕ ಕೆಲಸ

ನೀಲಗಿರಿ ಜಿಲ್ಲೆಯ ಗೂಡಲೂರು, ಪಂದಲೂರು ಭಾಗಗಳಲ್ಲಿ ಹಾಲುವಾಣ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು ಸಣ್ಣ ಹಿಡುವಳಿದಾರರಿಗೆ ಕೈಹಿಡಿಯುವ ಬೆಳೆ. ಕಾಫಿ, ಚಹಾ ಎಲೆಗಳ ಧಾರಣೆ ಕುಸಿದ ವರ್ಷ ಮನೆಯ ಖರ್ಚನ್ನು ತೂಗಿಸುವುದು ಈ ಕಾಳೇ. ಬಳ್ಳಿ ನೆಟ್ಟು ಮೂರು ವರ್ಷ ಕಾದ ಮೇಲೆ ಫಸಲು ಕಾಣುತ್ತದೆ. ಅಂತಹ ಬಳ್ಳಿಯನ್ನು ಬುಡಕೊಳೆ ರೋಗವು ಒಂದೇ ಮಳೆಗಾಲದಲ್ಲಿ, ಕೆಲವೇ ವಾರಗಳೊಳಗೆ ಒಣಗಿಸಿಬಿಡುತ್ತದೆ. ಇದನ್ನೇ ಶೀಘ್ರ ಸೊರಗು ರೋಗವೆಂದೂ ಕರೆಯುವರು.

ಈ ಸೀಮೆಗೆ ಇದು ಹೊಸ ರೋಗವಲ್ಲ. ಗೂಡಲೂರು ಪ್ರದೇಶವು 1877ರವರೆಗೆ ಮಲಬಾರಿನ ವೈನಾಡಿಗೆ ಸೇರಿತ್ತು. ಆ ವೈನಾಡಿನಲ್ಲಿ ಮೆಣಸಿನ ಬಳ್ಳಿಗಳು ಸೊರಗುತ್ತಿರುವುದನ್ನು ಮದರಾಸು ಸರ್ಕಾರದ ಸಸ್ಯಶಾಸ್ತ್ರಜ್ಞ ಬಾರ್ಬರ್ 1902ರಲ್ಲಿಯೇ ವರದಿ ಮಾಡಿದ್ದರು. ಇದಕ್ಕೆ ಕಾರಣ ಫೈಟಾಫ್ತೊರ ಎಂಬ ಬೂಷ್ಟೆಂದು ಕೇರಳದಲ್ಲಿ 1966ರಲ್ಲಿ ಗುರುತಿಸಲಾಯಿತು. ಅಡಿಕೆಯ ಕೊಳೆರೋಗ, ಉದಕಮಂಡಲದ ಆಲೂಗೆಡ್ಡೆಯನ್ನು ಕಾಡುವ ಅಂಗಮಾರಿ, ಇವೆರಡೂ ಇದೇ ಕುಲದ ಬೂಷ್ಟುಗಳಿಂದ ಬರತಕ್ಕವು.

ರೋಗ ಹರಡುವ ಬಗೆ

ಈ ಬೂಷ್ಟು ಮಣ್ಣಿನಲ್ಲಿಯೂ ಸತ್ತ ಬಳ್ಳಿಯ ಬೇರುಗಳಲ್ಲಿಯೂ ಬೇಸಿಗೆಯನ್ನು ಕಳೆಯುತ್ತದೆ. ಮಳೆ ಹಿಡಿದು ನೆಲ ನೆನೆದ ಕೂಡಲೇ ಅದರ ಬೀಜಕಣಗಳು ಹೊರಬರುತ್ತವೆ. ಇವು ಕಣ್ಣಿಗೆ ಕಾಣದಷ್ಟು ಸಣ್ಣವು; ಬಾಲದಂತಹ ಎಳೆಗಳ ನೆರವಿನಿಂದ ನೀರಿನಲ್ಲಿ ಈಜಬಲ್ಲವು. ಆದುದರಿಂದ ನೀರು ನಿಂತಲ್ಲಿ ರೋಗ ಬಲಿಯುತ್ತದೆ, ನೀರು ಹರಿದ ದಾರಿಯಲ್ಲಿ ಮುಂದಕ್ಕೆ ಹೋಗುತ್ತದೆ. ಮಳೆಹನಿ ಸಿಡಿಸಿದ ಮಣ್ಣು, ಗುದ್ದಲಿಗೆ ಅಂಟಿದ ಕೆಸರು, ರೋಗದ ತೋಟದಿಂದ ತಂದ ಸಸಿ, ಇವೂ ಅದನ್ನು ಸಾಗಿಸುತ್ತವೆ.

ಲಕ್ಷಣಗಳು

ಮೊದಲು ನೆಲಕ್ಕೆ ಹತ್ತಿರದ ಎಲೆಗಳಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಮಚ್ಚೆಯ ಅಂಚು ನೂಲೆಳೆ ಬಿಟ್ಟಂತೆ ಇರುತ್ತದೆ. ಬುಡದ ತೊಗಟೆ ಕಪ್ಪಾಗಿ ಕೊಳೆಯುತ್ತದೆ. ಬಳಿಕ ಎಲೆ ಜೋತು ಬಿದ್ದು, ಎಲೆಯೂ ತೆನೆಯೂ ಉದುರಿ, ಬಳ್ಳಿ ಗಿಣ್ಣುಗಳಲ್ಲಿ ಮುರಿದು ಬೀಳುತ್ತದೆ. ಬೇರಿಗೆ ಮಾತ್ರ ತಗುಲಿದ್ದರೆ ಬಳ್ಳಿ ಹಳದಿಯಾಗುತ್ತ ಬಂದು, ಮಳೆ ನಿಂತ ಮೇಲೆ ಸೊರಗುವುದೂ ಉಂಟು. ಬುಡ ಕೊಳೆತು ಇಡೀ ಬಳ್ಳಿ ಜೋತು ಬಿದ್ದ ಮೇಲೆ ಯಾವ ಔಷಧವೂ ಅದನ್ನು ಉಳಿಸದು. ಮುನ್ನೆಚ್ಚರಿಕೆಯೇ ಇದಕ್ಕೆ ನಿಜವಾದ ಮದ್ದು.

ಮಾಡತಕ್ಕ ಕೆಲಸ

ಮೇ ತಿಂಗಳಲ್ಲಿಯೇ ಸತ್ತ ಬಳ್ಳಿಗಳನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ಕಿತ್ತ ಬಳ್ಳಿಯನ್ನು ತೋಡಿಗೆ ಎಸೆಯಕೂಡದು. ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಬೇಕು. ಆಸರೆ ಮರದ ಕೊಂಬೆ ಸವರಿ ಗಾಳಿ ಬೆಳಕು ಬಿಡಬೇಕು. ನೆಲದ ಮೇಲೆ ಹರಿದ ಕುಡಿಗಳನ್ನು ಮರಕ್ಕೆ ಕಟ್ಟಬೇಕು, ಇಲ್ಲವೇ ಕತ್ತರಿಸಬೇಕು. ಅಗೆತದಲ್ಲಿ ಬೇರಿಗೆ ಗಾಯವಾಗಬಾರದು.

ಮಳೆ ಹಿಡಿಯುವ ಹೊತ್ತಿಗೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಿಸಿಲು ನೋಡಿ ಇನ್ನೊಮ್ಮೆ. ಇದು 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಾಗಿ ಪ್ರಚಾರಕ್ಕೆ ಬಂದ ಮದ್ದು. ನಮ್ಮ ಅಡಿಕೆ ಬೆಳೆಗಾರರಿಗೂ ಹಳೆಯ ಪರಿಚಯ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತ ಸುರಿಯಿರಿ. ಲೋಹದ ಪಾತ್ರೆ ಬೇಡ. ಉಜ್ಜಿದ ಕುಡುಗೋಲನ್ನು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿ. ಮಾಡಿದ ದಿನವೇ ಮುಗಿಸಿ. ಎಲೆಯ ಕೆಳಮೈಯೂ ಬುಡವೂ ನೆನೆಯಬೇಕು.

ಬೂಷ್ಟನ್ನು ತಿನ್ನುವ ಬೂಷ್ಟೂ ಇದೆ. ಟ್ರೈಕೊಡರ್ಮ ಎಂಬ ಇದನ್ನು ಬಳ್ಳಿಗೆ 50 ಗ್ರಾಂನಂತೆ ಬೇವಿನ ಹಿಂಡಿ ಅಥವಾ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಕೊಡಬಹುದು. ತಾಮ್ರದ ಔಷಧ ಇದನ್ನೂ ಕೊಲ್ಲುವುದರಿಂದ ಎರಡನ್ನೂ ಒಟ್ಟಿಗೆ ಹಾಕಬಾರದು.

ಹೊಸದಾಗಿ ನೆಡುವವರು ಆರೋಗ್ಯವಾದ ತೋಟದ ಬಳ್ಳಿಯನ್ನೇ ಆರಿಸಲಿ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳು ಈ ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೂ ನೀರು ನಿಲ್ಲುವ ಜಾಗದಲ್ಲಿ ಯಾವ ತಳಿಯನ್ನೂ ನಂಬಿ ಕೂರುವಂತಿಲ್ಲ.

ಕೊನೆಯದಾಗಿ ಒಂದು ಮಾತು. ಇಳಿಜಾರಿನ ಸೀಮೆಯಲ್ಲಿ ಮೇಲಿನ ತೋಟದ ನೀರು ಕೆಳಗಿನ ತೋಟಕ್ಕೇ ಇಳಿಯುವುದು. ಒಬ್ಬನು ಬಳ್ಳಿ ಕಿತ್ತು ಸುಟ್ಟು, ಮೇಲಿನವನು ಸುಮ್ಮನಿದ್ದರೆ ಪಟ್ಟ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಆದುದರಿಂದ ಒಂದು ಇಳಿಜಾರಿನ ಬೆಳೆಗಾರರೆಲ್ಲ ಕೂಡಿ, ಒಂದೇ ವಾರದಲ್ಲಿ ಈ ಕೆಲಸ ಮುಗಿಸುವುದು ಎಲ್ಲರಿಗೂ ಕ್ಷೇಮ.