ಹೆಸರಿಲ್ಲದ ಅಂಕಿಗಳು

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹೋಗುವ ಕವಲು ರೈಲುಮಾರ್ಗವು ಕೋಲಾರದ ಚಿನ್ನದ ಗಣಿಗಳಿಗಾಗಿ ನಿರ್ಮಿತವಾದುದು. ಆ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಅಂತಹ ಆಳದಲ್ಲಿ ಮೇಲಣ ಭಾರವನ್ನು ತಾಳಲಾರದೆ ಬಂಡೆಯು ಆಗಾಗ ಹಠಾತ್ತಾಗಿ ಸಿಡಿಯುತ್ತಿತ್ತು. ಈ ಶಿಲಾಸ್ಫೋಟಗಳಲ್ಲಿ ಅನೇಕ ಕಾರ್ಮಿಕರು ಪ್ರಾಣ ತೆತ್ತರು.

ಸಿಡಿತದ ನೆಲೆಯನ್ನು ಅರಿಯಲು ಗಣಿಯ ಸುತ್ತ ಕಂಪನಗ್ರಾಹಕಗಳನ್ನು ಇಡಲಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಇಂತಹ ಒಂದು ಜಾಲ ಸಿದ್ಧವಾಯಿತು. ಬಂಡೆ ಸಿಡಿದಾಗ ಹೊಮ್ಮುವ ಅಲೆಯು ಹತ್ತಿರದ ಗ್ರಾಹಕವನ್ನು ಮೊದಲು, ದೂರದ್ದನ್ನು ತರುವಾಯ ಮುಟ್ಟುತ್ತದೆ. ಈ ವೇಳೆಗಳ ಅಂತರದಿಂದಲೇ ಸಿಡಿತದ ಸ್ಥಳವನ್ನು ಲೆಕ್ಕಹಾಕಬೇಕು. ಯಾವ ಗೆರೆ ಯಾವ ಗ್ರಾಹಕದ್ದೆಂಬ ಪಟ್ಟಿ ಕಳೆದುಹೋಯಿತೆಂದು ಊಹಿಸಿಕೊಳ್ಳಿ. ಉಪಕರಣ ಕೆಟ್ಟಿಲ್ಲ, ಕಾಗದದ ಮೇಲೆ ಗೆರೆಗಳು ಮೂಡುತ್ತಲೇ ಇವೆ. ಆದರೂ ಎಲ್ಲಿಗೆ ಧಾವಿಸಬೇಕೆಂಬುದು ಯಾರಿಗೂ ತಿಳಿಯದು.

2001ರಲ್ಲಿ ಗಣಿಗಳು ಮುಚ್ಚಿದವು. ಇಂದು ಅಲ್ಲಿನ ಸಾವಿರಾರು ಜನರು ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಗಣಕದ ಮುಂದೆ ಕುಳಿತು ಕೆಲಸಮಾಡುವವರೂ ಅವರಲ್ಲಿ ಉಂಟು. ಗಣಕದಲ್ಲಿಯೂ ಕಣ್ಣಿಗೆ ಕಾಣದ ಒತ್ತಡವಿರುತ್ತದೆ. ಅದನ್ನು ಅಳೆಯಲು ವಿಂಡೋಸ್ ವ್ಯವಸ್ಥೆಯಲ್ಲಿ 'ಪರ್ಫಾರ್ಮೆನ್ಸ್ ಮಾನಿಟರ್' ಎಂಬ ಸಾಧನವಿದೆ. ಸಂಸ್ಕಾರಕಕ್ಕೆ ಎಷ್ಟು ಕೆಲಸ ಬಿದ್ದಿದೆ, ಸ್ಮೃತಿಯಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನೆಲ್ಲ ಅದು ಕ್ಷಣಕ್ಷಣಕ್ಕೂ ಗೆರೆಯಾಗಿ ಬರೆದು ತೋರಿಸುತ್ತದೆ.

ಈ ಸಾಧನವು ಒಂದೊಂದು ಅಳತೆಯನ್ನೂ ಹೆಸರಿನಿಂದಲ್ಲ, ಕ್ರಮಾಂಕದಿಂದ ಗುರುತಿಸುತ್ತದೆ. ಸಂಸ್ಕಾರಕದ ಕ್ರಮಾಂಕ 238, ಸ್ಮೃತಿಯದು 4. ಕ್ರಮಾಂಕಕ್ಕೆ ಹೆಸರು ಕೊಡುವ ಪಟ್ಟಿಯು 'ಪರ್ಫ್‌ಸಿ009' ಎಂಬ ಕಡತದಲ್ಲಿಯೂ ಅದರ ವಿವರಣೆಯು 'ಪರ್ಫ್‌ಹೆಚ್009' ಎಂಬ ಕಡತದಲ್ಲಿಯೂ ಅಡಗಿವೆ. ಇಲ್ಲಿ 009 ಎಂಬುದು ಇಂಗ್ಲಿಷ್ ಭಾಷೆಯ ಸಂಕೇತ. ಈ ಕಡತಗಳು ಅಳಿದರೆ ಅಥವಾ ಕೆಟ್ಟರೆ, ಹೆಸರಿರಬೇಕಾದ ಕಡೆ ಬರಿಯ ಅಂಕಿಗಳು ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಸಾಧನವೇ ತೆರೆಯದೆ ಹೋಗಬಹುದು. ಗಣಕವು ಉಳಿದೆಲ್ಲ ಕೆಲಸವನ್ನೂ ಮಾಡುತ್ತಿರುವುದರಿಂದ, ಆ ಅಳತೆಗಳ ಅಗತ್ಯ ಬೀಳುವವರೆಗೆ ಈ ದೋಷ ಗಮನಕ್ಕೆ ಬಾರದಿರುವುದೂ ಉಂಟು.

ಇಂತಹ ಸಮಯದಲ್ಲಿ ಅವಸರಪಟ್ಟವರು ಅದೇ ಹೆಸರಿನ ಕಡತವನ್ನು ಅಂತರಜಾಲದಲ್ಲಿ ಸಿಕ್ಕ ಕಡೆಯಿಂದ ತಂದು ಹಾಕುತ್ತಾರೆ. ಇದು ಅವಿವೇಕ. ಆ ಪಟ್ಟಿಯು ಒಂದೊಂದು ಗಣಕದಲ್ಲಿ ಒಂದೊಂದು ಬಗೆಯಾಗಿರುತ್ತದೆ. ಹೊಸ ತಂತ್ರಾಂಶ ಸೇರಿದಂತೆಲ್ಲ ಅದು ತನ್ನ ಅಳತೆಗಳಿಗೆ ಹೊಸ ಕ್ರಮಾಂಕಗಳನ್ನು ಪಡೆಯುತ್ತದೆ. ಬೇರೊಂದು ಗಣಕದ ಪಟ್ಟಿಯನ್ನು ತಂದಿಟ್ಟರೆ ಅಂಕಿಗೆ ತಪ್ಪು ಹೆಸರು ಅಂಟೀತು. ಹೆಸರಿಲ್ಲದಿರುವುದಕ್ಕಿಂತ ಇದು ಕೆಟ್ಟದ್ದು. ಕಡತದೊಡನೆ ಹಾನಿಕರ ತಂತ್ರಾಂಶವೂ ಒಳಹೊಕ್ಕೀತು.

ಸರಿಯಾದ ಪಟ್ಟಿಯನ್ನು ಆ ಗಣಕದಿಂದಲೇ ಪಡೆಯಬೇಕು. ವಿಂಡೋಸ್ ತನ್ನ ಪಟ್ಟಿಯ ಪ್ರತಿಯೊಂದನ್ನು ಬೇರೆ ಕಡತದಲ್ಲಿ ಕಾಯ್ದಿರಿಸಿಕೊಂಡಿರುತ್ತದೆ. ಮೇಲ್ವಿಚಾರಕನ ಅಧಿಕಾರದಿಂದ ಆಜ್ಞಾಫಲಕವನ್ನು ತೆರೆದು 'ಲಾಡ್‌ಸಿಟಿಆರ್' ಎಂಬ ಆಜ್ಞೆಯನ್ನು, ಮುಂದೆ ಓರೆಗೆರೆಯನ್ನೂ 'ಆರ್' ಅಕ್ಷರವನ್ನೂ ಸೇರಿಸಿ ಕೊಟ್ಟರೆ, ಆ ಪ್ರತಿಯ ಆಧಾರದಿಂದ ಪಟ್ಟಿ ಮತ್ತೆ ರಚಿತವಾಗುತ್ತದೆ. ಪಟ್ಟಿಗೆ ಬದಲು ವ್ಯವಸ್ಥೆಯ ಮೂಲ ಕಡತವೇ ಕಾಣೆಯಾಗಿದ್ದರೆ, 'ಎಸ್‌ಎಫ್‌ಸಿ' ಎಂಬ ಪರೀಕ್ಷಕವು ವಿಂಡೋಸ್‌ನ ಸ್ವಂತ ಉಗ್ರಾಣದಿಂದ ಅದರ ನಕಲನ್ನು ತಂದು ಕೂರಿಸುತ್ತದೆ. ತರುವಾಯ ಗಣಕವನ್ನು ಒಮ್ಮೆ ಆರಿಸಿ ಹೊತ್ತಿಸಬೇಕು. ಕೆಲಸ ಸರಿಯಾಗಿ ನಡೆದಿದ್ದರೆ, 238 ಎಂದಿದ್ದ ಕಡೆ 'ಪ್ರೊಸೆಸರ್' ಎಂಬ ಹೆಸರು ಮೂಡುತ್ತದೆ.