ತಪ್ಪು ಕಾಲಿನದಲ್ಲ, ನೆಲದ್ದು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದವರೆಗೆ ಒತ್ತೊತ್ತಾಗಿ ಹಬ್ಬಿರುವ ಸಣ್ಣ ಕಾರ್ಖಾನೆಗಳಲ್ಲಿ ಅಪಾಯವೆಂದರೆ ಯಂತ್ರದ್ದೇ ಎಂಬುದು ಸಾಮಾನ್ಯವಾದ ಭಾವನೆ. ಪ್ರೆಸ್ಸಿನ ಕೆಳಗೆ ಸಿಕ್ಕ ಬೆರಳಿನ ವೃತ್ತಾಂತವನ್ನು ವರ್ಷಗಟ್ಟಲೆ ನೆನೆಯುವ ಜನರೇ, ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡವನ ವಿಷಯ ಬಂದಾಗ ‘ನೋಡಿಕೊಂಡು ನಡೆಯಬಾರದಿತ್ತೇ’ ಎಂಬ ಒಂದೇ ಮಾತಿನಿಂದ ವಿಚಾರಣೆಯನ್ನು ಮುಗಿಸಿಬಿಡುತ್ತಾರೆ. ಇದು ಅನ್ಯಾಯದ ಮಾತೆಂಬುದು ನನ್ನ ದೃಢವಾದ ಅಭಿಪ್ರಾಯ. ಬಿದ್ದವನ ಅಜಾಗರೂಕತೆಯನ್ನು ಅರಸುವ ಮೊದಲು ಅವನು ಬಿದ್ದ ನೆಲವನ್ನು ಪರೀಕ್ಷಿಸತಕ್ಕದ್ದು.

ಒಂದು ಲೇಥಿನ ಸುತ್ತಣ ನೆಲವನ್ನೇ ತೆಗೆದುಕೊಳ್ಳೋಣ. ಲೋಹವನ್ನು ಹೆರೆಯುವಾಗ ಹುಟ್ಟುವ ತಾಪವನ್ನು ಶಮನಗೊಳಿಸಲೆಂದು ಹರಿಯಬಿಡುವ ಕೂಲೆಂಟು, ಅಂದರೆ ನೀರಿನಲ್ಲಿ ಎಣ್ಣೆ ಕದಡಿದ ಹಾಲುಬಿಳುಪಿನ ದ್ರವ, ತಿರುಗುತ್ತಿರುವ ಲೋಹದ ತುಂಡಿನಿಂದ ಸಿಡಿದು ನೆಲಕ್ಕೆ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರು ಆರಿ ಎಣ್ಣೆಯ ಪೊರೆ ಮಾತ್ರ ಉಳಿಯುತ್ತದೆ. ಅದರ ಮೇಲೆ ಚಿಪ್ಸ್ ಎನಿಸಿಕೊಳ್ಳುವ ಉಕ್ಕಿನ ಸುರುಳಿಗಳು ಹರಡಿಕೊಳ್ಳುತ್ತವೆ. ನಾವು ಹೆಜ್ಜೆಯಿಡುವಾಗ ಹಿಮ್ಮಡಿ ನೆಲವನ್ನು ಮುಟ್ಟುವ ಕ್ಷಣದಲ್ಲಿ ದೇಹದ ಭಾರ ಇನ್ನೂ ಮುಂದಕ್ಕೆ ಸಾಗುತ್ತಿರುತ್ತದಾಗಿ, ಆ ಹಿಮ್ಮಡಿಯನ್ನು ತಡೆದು ನಿಲ್ಲಿಸತಕ್ಕದ್ದು ಘರ್ಷಣೆಯೊಂದೇ. ಅಟ್ಟೆಗೂ ನೆಲಕ್ಕೂ ನಡುವೆ ದ್ರವದ ಪೊರೆ ಸೇರಿತೆಂದರೆ ಎರಡೂ ಪರಸ್ಪರ ತಾಗದೆ ಕಾಲು ಮುಂದಕ್ಕೆ ಸರಿದುಹೋಗುತ್ತದೆ. ತಳ ಸವೆದ ಹವಾಯಿ ಚಪ್ಪಲಿಯಿದ್ದರಂತೂ ಕೇಳಬೇಕಾದುದಿಲ್ಲ. ಮರದ ಹೊಟ್ಟನ್ನು ಚೆಲ್ಲಿ ಎಣ್ಣೆಯನ್ನು ಹೀರಿಸುವುದು ಒಳ್ಳೆಯ ಪದ್ಧತಿಯೇ ಆದರೂ ಆ ಹೊಟ್ಟನ್ನು ಒಡನೆಯೇ ಗುಡಿಸಿ ತೆಗೆಯಬೇಕು. ಯಂತ್ರಕ್ಕೇ ಒಂದು ತಗಡಿನ ಮರೆಯನ್ನು ಕಟ್ಟಿ ಕೂಲೆಂಟು ನೆಲಕ್ಕೆ ಬಾರದಂತೆ ಮಾಡುವುದು ಇದೆಲ್ಲಕ್ಕಿಂತ ಮೇಲು.

ಎಡವುವುದರ ಕಾರಣ ಇನ್ನೂ ಅಲ್ಪವಾದುದು. ಸಮನೆಲದಲ್ಲಿ ನಡೆಯುವಾಗ ಮುಂದಕ್ಕೆ ಬೀಸುವ ಪಾದದ ತುದಿ ನೆಲದಿಂದ ಒಂದೆರಡು ಸೆಂಟಿಮೀಟರು ಮಾತ್ರ ಮೇಲಿರುವುದರಿಂದ, ಎದ್ದುನಿಂತ ಟೈಲಿನ ಅಂಚು, ದಾರಿಗಡ್ಡವಾಗಿ ಎಳೆದ ವೈರು, ಇಷ್ಟೇ ಸಾಕು.

ವಿಜಯನಗರ, ಬಸವೇಶ್ವರನಗರಗಳ ದರ್ಶಿನಿಗಳ ಅಡಿಗೆಮನೆಗಳಲ್ಲಿಯೂ ಇದೇ ಕಥೆ. ದೋಸೆಯ ಕಾವಲಿಯ ಮುಂದೆ ಎಣ್ಣೆ, ಪಾತ್ರೆ ತೊಳೆಯುವಲ್ಲಿ ಸೋಪಿನ ನೀರು. ಇವೆರಡರ ನಡುವೆ ಸಾಂಬಾರಿನ ಕೊಳಗವನ್ನು ಹಿಡಿದು ತನ್ನ ಪಾದವನ್ನೇ ಕಾಣಲಾರದೆ ನಡೆಯುವ ಹುಡುಗ. ಜಾರದಿರಲೆಂದು ಹಾಸಿದ ಗೋಣಿತಟ್ಟು ಒಂದು ಗಂಟೆಯಲ್ಲಿ ನೆನೆದು ಮುದುರಿ, ತಾನೇ ಕಾಲಿಗೆ ತೊಡರುತ್ತದೆ. ಬರಿಯ ಒದ್ದೆಬಟ್ಟೆಯಿಂದ ಒರಸಿದರೆ ಎಣ್ಣೆ ಹೋಗದು, ಹರಡುತ್ತದೆ. ಬಿಸಿನೀರಿನಲ್ಲಿ ಸೋಪು ಕಲಸಿ, ಅದು ಜಿಡ್ಡನ್ನು ಬಿಡಿಸಲು ಕೆಲವು ನಿಮಿಷ ಬಿಟ್ಟು, ಉಜ್ಜಿ ತೊಳೆದು, ನೀರನ್ನು ಪೂರ್ತಿಯಾಗಿ ಎಳೆದು ತೆಗೆದರೆ ಮಾತ್ರ ನೆಲ ಶುದ್ಧವಾಗುತ್ತದೆ. ಇದಕ್ಕೆ ಬೇಕಾದ ಬಿಡುವನ್ನು ಕೊಡಬೇಕಾದವನು ಮಾಲೀಕನಲ್ಲದೆ ಆ ಹುಡುಗನಲ್ಲ.

ಕಾರ್ಖಾನೆಯ ನೆಲ, ಮೆಟ್ಟಿಲು, ಓಡಾಡುವ ದಾರಿಗಳೆಲ್ಲವೂ ಗಟ್ಟಿಯಾಗಿದ್ದು ಸುಸ್ಥಿತಿಯಲ್ಲಿರತಕ್ಕದ್ದೆಂದೂ ಕಾಲು ಜಾರಿಸುವ ಪದಾರ್ಥವೂ ಅಡಚಣೆಯೂ ಅಲ್ಲಿ ಇರಕೂಡದೆಂದೂ 1948ರ ಕಾರ್ಖಾನೆಗಳ ಕಾಯಿದೆಯ 32ನೆಯ ಕಲಮು ವಿಧಿಸಿತು. ಆದರೆ ವಿದ್ಯುಚ್ಛಕ್ತಿಯನ್ನು ಬಳಸುವಲ್ಲಿ ಹತ್ತು ಮಂದಿಯಾದರೂ ಇದ್ದರೆ ಮಾತ್ರ ಅದು ಕಾರ್ಖಾನೆಯೆಂದು ಆ ಕಾಯಿದೆಯ ಲೆಕ್ಕವಾದುದರಿಂದ, ನಾಲ್ಕೈದು ಮಂದಿ ದುಡಿಯುವ ಶೆಡ್ಡುಗಳು ಸಾಮಾನ್ಯವಾಗಿ ಅದರ ಹೊರಗೇ ಉಳಿದುವು.

ಬಿದ್ದವನು ಲಜ್ಜೆಯಿಂದ ಬಟ್ಟೆ ಕೊಡವಿಕೊಂಡು ಎದ್ದು ಕೆಲಸಕ್ಕೆ ಮರಳುತ್ತಾನೆ; ರಾತ್ರಿ ಕೈ ಊದಿಕೊಂಡಾಗ ಮನೆಯಲ್ಲಿ ಬಿದ್ದೆನೆಂದು ಹೇಳಿ ಸುಮ್ಮನಾಗುತ್ತಾನೆ. ಇದರಿಂದ ಅವನಿಗೆ ಆಗುವ ನಷ್ಟ ಸಣ್ಣದಲ್ಲ. ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕನು ಕೆಲಸದಲ್ಲಿ ಗಾಯಗೊಂಡು ತಾತ್ಕಾಲಿಕವಾಗಿ ದುಡಿಯಲಾರದೆ ಹೋದರೆ ಕೂಲಿಯ ಶೇಕಡ 90ರಷ್ಟು ಭತ್ಯೆ ಅವನ ಹಕ್ಕು. ಚಿಕಿತ್ಸೆಗೆ ರಾಜಾಜಿನಗರದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದೆ. ಆದರೆ ಗಾಯ ಕೆಲಸದಲ್ಲಿಯೇ ಆಯಿತೆಂಬುದಕ್ಕೆ ಆಧಾರ ಬೇಕಾಗುತ್ತದೆ. ಆದುದರಿಂದ ಬಿದ್ದ ದಿನವೇ ಮಾಲೀಕನಿಗೆ ತಿಳಿಸಿ, ಹೊತ್ತು, ಸ್ಥಳ, ಕಂಡವರ ಹೆಸರುಗಳೊಡನೆ ಅಪಘಾತದ ಪುಸ್ತಕದಲ್ಲಿ ಬರೆಯಿಸುವುದು ಅವಶ್ಯಕ.