ಕಡಿಮೆ ದುಡ್ಡಿಗೆ ಹೆಚ್ಚು ಪಿಕಪ್: ಟ್ಯೂನಿಂಗ್‌ಗೆ ಒಗ್ಗುವ ಎಂಜಿನ್ ಯಾವುದು?

ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 948 ಕೊಳ್ಳೇಗಾಲ, ಚಾಮರಾಜನಗರ ದಾಟಿ, ದಿಂಬಂ ಘಾಟಿ ಇಳಿದು ಕೊಯಮತ್ತೂರು ಸೇರುತ್ತದೆ. ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್ ಇರುವುದು ಅಲ್ಲೇ. ಆ ಟ್ರ್ಯಾಕ್‌ಗೆ ಯಾರ ಹೆಸರಿದೆಯೋ ಆ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ರೂಪಿಸಿದ ಫಾರ್ಮುಲಾ ಮಾರುತಿ ರೇಸ್ ಕಾರಿನಲ್ಲಿ ಕೂತಿದ್ದುದು ಮಾರುತಿ 800ರ 796 ಸಿಸಿ ಎಂಜಿನ್ನೇ. ಊರೂರಿನ ಡಾಕ್ಟರು, ಮೇಷ್ಟ್ರು ಓಡಿಸುತ್ತಿದ್ದ ಕಾರಿನದು. ಬಜೆಟ್ ಕಡಿಮೆ ಇದ್ದು ಪಿಕಪ್ ಹೆಚ್ಚಿಸುವ ಆಸೆ ಇರುವವರಿಗೆ ಮೊದಲ ಸೂತ್ರ ಇಲ್ಲೇ ಸಿಗುತ್ತದೆ: ನಿಮ್ಮ ಊರಿನ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚಿ ಕಟ್ಟುವ, ಬಿಡಿಭಾಗ ಸಲೀಸಾಗಿ ಸಿಗುವ ಎಂಜಿನ್ ಆರಿಸಿಕೊಳ್ಳಿ. ಕಾಗದದ ಮೇಲಿನ ಅಶ್ವಶಕ್ತಿ ಆಮೇಲೆ.

ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅದಕ್ಕೆ ತಕ್ಕಷ್ಟು ಇಂಧನವನ್ನಷ್ಟೇ ಸುಡಬಲ್ಲದು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತಾನಾಗಿ ಎಳೆದುಕೊಂಡ ಗಾಳಿಯಲ್ಲೇ ಸಂಸಾರ ಮಾಡಬೇಕು. ಅದರ ಶಕ್ತಿ ಏರಿಸಬೇಕೆಂದರೆ ಹೆಡ್ ಇಳಿಸಬೇಕು, ಗಾಳಿಯ ದಾರಿ ಅಗಲ ಮಾಡಬೇಕು, ಕ್ಯಾಮ್‌ಶಾಫ್ಟ್ ಬದಲಿಸಬೇಕು, ಎಕ್ಸಾಸ್ಟ್ ಹೊಸದಾಗಿ ಮಾಡಿಸಬೇಕು. ಎಲ್ಲವೂ ಲೇತಿನ ಕೆಲಸ, ಕೈಚಳಕದ ಕೆಲಸ. ಬರೀ ಕಂಪ್ಯೂಟರ್ ಪ್ರೋಗ್ರಾಂ ಬದಲಿಸಿದರೆ ನೂರಕ್ಕೆ ಐದರಷ್ಟು ಶಕ್ತಿ ಹೆಚ್ಚಿದರೆ ಪುಣ್ಯ.

ಟರ್ಬೊ ಎಂಜಿನ್ನಿನ ಕಥೆಯೇ ಬೇರೆ. ಹೊಗೆಯ ರಭಸಕ್ಕೆ ತಿರುಗುವ ಚಕ್ರ ಗಾಳಿಯನ್ನು ಒತ್ತಿ ಒಳಕ್ಕೆ ತಳ್ಳುತ್ತದೆ. ಎಷ್ಟು ಒತ್ತಬೇಕೆಂದು ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಕಾಶ್ಮೀರದ ಚಳಿ, ರಾಯಚೂರಿನ ಬಿಸಿಲು, ಕಳಪೆ ಇಂಧನ, ವಾರಂಟಿ ಎಲ್ಲವನ್ನೂ ಲೆಕ್ಕ ಹಾಕಿ ಕಂಪನಿಯವರು ಅದನ್ನು ಬಿಗಿ ಹಿಡಿದಿರುತ್ತಾರೆ. ಆ ಬಿಗಿ ಸಡಿಲಿಸುವುದೇ ರೀಮ್ಯಾಪ್. ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರಷ್ಟು ಶಕ್ತಿ ಇದರಿಂದಲೇ ಸಿಗುತ್ತದೆ. ಸ್ಪ್ಯಾನರ್ ಮುಟ್ಟುವ ಅಗತ್ಯವೇ ಇಲ್ಲ.

ಹೀಗಾಗಿ ನಮ್ಮ ಕಡೆ ಬುದ್ಧಿವಂತಿಕೆಯ ಆಯ್ಕೆ ಎಂದರೆ ಹಳೆಯ ಸ್ವಿಫ್ಟ್, ಡಿಸೈರ್, ರಿಟ್ಜ್‌ಗಳ 1,248 ಸಿಸಿ ಡೀಸೆಲ್. ಫಿಯಟ್ ಮೂಲದ ಈ 1.3 ಮಲ್ಟಿಜೆಟ್ ಎಂಜಿನ್ ಟಾಟಾ ಕಾರುಗಳಲ್ಲೂ ಇತ್ತು, ಫಿಯಟ್ ಪುಂಟೊದಲ್ಲೂ ಇತ್ತು. ಸ್ವಿಫ್ಟ್‌ನಲ್ಲಿ 75 ಪಿಎಸ್ ಕೊಡುತ್ತಿದ್ದ ಇದೇ ಎಂಜಿನ್, ಬೇರೆ ಟರ್ಬೊ ಹಾಕಿಕೊಂಡು ಎರ್ಟಿಗಾದಲ್ಲಿ 90 ಪಿಎಸ್ ಕೊಟ್ಟಿತು. ಅಂದರೆ ಒಳಗಿನ ಕ್ರ್ಯಾಂಕ್, ಪಿಸ್ಟನ್‌ಗಳಿಗೆ ಇನ್ನೂ ತಾಳಿಕೆ ಇದೆ ಎಂದು ಕಂಪನಿಯೇ ತೋರಿಸಿಕೊಟ್ಟ ಹಾಗಾಯಿತು. ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ನಿಲ್ಲಿಸಿದರೂ ರಸ್ತೆಯಲ್ಲಿ ಇಂಥ ಕಾರುಗಳಿಗೆ ಬರವಿಲ್ಲ. ಇದರ ದೌರ್ಬಲ್ಯ ಟೈಮಿಂಗ್ ಚೈನ್. ಆಯಿಲ್ ಬದಲಿಸದೆ ಎಳೆದಾಡಿದ ಗಾಡಿಯಲ್ಲಿ ಚೈನ್ ಸಡಿಲವಾಗಿರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಕೇಳಿ. ಗರಗರ ಸದ್ದು ಬಂದು ನಿಲ್ಲದಿದ್ದರೆ ಆ ಕಾರು ಬೇಡ. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದೂ ಒಂದು ಸುಳಿವೇ.

ರ‍್ಯಾಲಿ, ಆಟೋಕ್ರಾಸ್ ಕಲಿಯುವ ಹುಮ್ಮಸ್ಸಿನ ಹುಡುಗರಿಗೆ ಎಸ್ಟೀಮ್‌ನ 1,298 ಸಿಸಿ, 16 ವಾಲ್ವ್ ಪೆಟ್ರೋಲ್ ಎಂಜಿನ್ ಈಗಲೂ ಒಳ್ಳೆಯ ಗುರು. 85 ಪಿಎಸ್, ಹಗುರ ಬಾಡಿ. ಜಿಪ್ಸಿಯಲ್ಲೂ ಮೊದಲ ಸ್ವಿಫ್ಟ್ ಪೆಟ್ರೋಲ್‌ನಲ್ಲೂ ಇದೇ ಕುಟುಂಬದ ಎಂಜಿನ್. ನಮ್ಮ ದೇಶದ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ದುಡಿದ ಕಾರಣ ಇದರ ಒಳಗುಟ್ಟು ಬಲ್ಲವರು ಬೆಂಗಳೂರಿನಲ್ಲಿದ್ದಾರೆ. ಹಳೆ ಹೋಂಡಾ ಸಿಟಿಯ 1.5 ವಿಟೆಕ್, 106 ಪಿಎಸ್, ಇನ್ನೂ ಚುರುಕು. ಆದರೆ ಒಳ್ಳೆಯದು ಸಿಗುವುದು ಕಷ್ಟ, ಸಿಕ್ಕರೆ ಮಾಲೀಕ ಹೇಳುವ ರೇಟು ಕೇಳಿ ತಲೆ ತಿರುಗುತ್ತದೆ. ಪೋಲೊ ಜಿಟಿಯ 1.2 ಟಿಎಸ್‌ಐ ರೀಮ್ಯಾಪ್‌ಗೆ ಹೇಳಿ ಮಾಡಿಸಿದ ಎಂಜಿನ್. ಅದರ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟರೆ ಮಾತ್ರ ಬಿಲ್ಲು ಕಬ್ಬಿನ ದುಡ್ಡಿಗೆ ಕೈಹಾಕುತ್ತದೆ. 2020ರಲ್ಲಿ ಬಂದ 1.0 ಟಿಎಸ್‌ಐ ಮ್ಯಾನುಯಲ್ ಸಿಕ್ಕರೆ ಅದು ವಾಸಿ.

ಯಾವುದೇ ಇರಲಿ, ಮುಂಗಡ ಕೊಡುವ ಮುನ್ನ ಕಂಪ್ರೆಷನ್ ಪರೀಕ್ಷೆ ಆಗಲೇಬೇಕು. ಪೆಟ್ರೋಲ್ ಕಾರಾದರೆ ಎಂಜಿನ್ ಬಿಸಿ ಇರುವಾಗ ಎಲ್ಲ ಪ್ಲಗ್ ಬಿಚ್ಚಿ, ಇಂಧನ ಮತ್ತು ಕಿಡಿ ಬಂದ್ ಮಾಡಿ, ಒಂದೊಂದೇ ತೂತಿಗೆ ಗೇಜ್ ಸಿಕ್ಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಸಿಲಿಂಡರುಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತನ್ನು ದಾಟಬಾರದು. ಒಂದು ಕಡಿಮೆ ಬಂತೇ? ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಡೀಸೆಲ್‌ಗೆ ಬೇರೆ ಗೇಜ್ ಬೇಕು. ಅದಿಲ್ಲದಿದ್ದರೆ ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಬೋರಲಾಗಿ ಅದೇ ಬಾಯಿಯ ಮೇಲಿಡಿ. ಮುಚ್ಚಳ ಕುಣಿದು ಕೆಳಗೆ ಬಿದ್ದು, ಜೊತೆಗೆ ಹೊಗೆ ಬುಸುಗುಟ್ಟಿದರೆ ಎಂಜಿನ್ ರಿಪೇರಿಗೆ ಬಂದಿದೆ. ಸುಸ್ತಾದ ಎತ್ತಿಗೆ ಚಾಟಿ ಬೀಸಿದಂತೆ, ಸವೆದ ಎಂಜಿನ್‌ಗೆ ರೀಮ್ಯಾಪ್ ಮಾಡಿಸುವುದು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ. ಮಂಡ್ಯದ ರೈತ ಬೆಳೆಯುವ ಕಬ್ಬೂ ಅದರ ಮೂಲಗಳಲ್ಲೊಂದು. ಎಥನಾಲ್‌ನ ಆಕ್ಟೇನ್ ಪೆಟ್ರೋಲ್‌ಗಿಂತ ಹೆಚ್ಚು. ಒತ್ತಡ ಹೆಚ್ಚಿದಾಗ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ನಾಕಿಂಗ್‌ಗೆ ಅದು ಮದ್ದು, ಹಾಗಾಗಿ ಟರ್ಬೊ ಪೆಟ್ರೋಲ್ ಟ್ಯೂನಿಂಗ್‌ಗೆ ಅನುಕೂಲವೇ. ಆದರೆ ಅದರ ಶಾಖಶಕ್ತಿ ಮೂರನೇ ಒಂದು ಭಾಗ ಕಡಿಮೆ, ಮೈಲೇಜ್ ಬೀಳುತ್ತದೆ. ಎಸ್ಟೀಮ್ ಕಾಲದ ರಬ್ಬರ್ ಪೈಪ್, ಸೀಲುಗಳನ್ನು ಅದು ತಿನ್ನುತ್ತದೆ. ಹಳೆ ಕಾರು ಕೊಂಡವರು ಮೊದಲು ಇಂಧನದ ಪೈಪುಗಳನ್ನೆಲ್ಲ ಹೊಸದು ಹಾಕಿಸಿ. ಸೋರಿದರೆ ಬೆಂಕಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಗುಜರಿಯಿಂದ ಎಂಜಿನ್ ತಂದು ಕೂರಿಸುವ ಯೋಚನೆ ಇದ್ದರೆ ಮೊದಲು ಮಂಡ್ಯದ ಆರ್‌ಟಿಒ ಕಚೇರಿಯ ಅನುಮತಿ ಬೇಕು. ರೀಮ್ಯಾಪ್ ಮಾಡಿಸಿದ್ದನ್ನು ವಿಮೆಯವರಿಗೆ ಹೇಳದಿದ್ದರೆ ಅಪಘಾತದ ಕ್ಲೇಮಿಗೆ ತಕರಾರು ಬರಬಹುದು. ಇನ್ನು ವೇಗ ತೋರಿಸಲು ಆಟೋಕ್ರಾಸ್ ಇದೆ, ಮುತ್ತತ್ತಿ ಕಾಡಿನ ರಸ್ತೆ ಅದಕ್ಕಲ್ಲ.

ದುಡ್ಡು ಖರ್ಚು ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಪೂರ್ತಿ ಸರ್ವಿಸ್, ಆಮೇಲೆ ಟೈರು, ಬ್ರೇಕು, ಹೆಡ್‌ಲೈಟು, ನಂತರ ಕ್ಲಚ್, ಕಟ್ಟಕಡೆಗೆ ರೀಮ್ಯಾಪ್. ಕಬ್ಬು ಕಟಾವಿನ ಕಾಲದಲ್ಲಿ ಮದ್ದೂರು ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ, ಹಿಂದೆ ಲೈಟೂ ಇಲ್ಲದ ಕಬ್ಬಿನ ಟ್ರೇಲರ್ ದಿಢೀರನೆ ಎದುರಾದವರಿಗೆ, ಈ ಕ್ರಮವೇಕೆಂದು ಬಿಡಿಸಿ ಹೇಳಬೇಕಿಲ್ಲ. ಕೈಯಲ್ಲಿರುವ ದುಡ್ಡು ರೀಮ್ಯಾಪ್‌ಗೆ ಮಾತ್ರ ಸಾಲುತ್ತದೆ ಎನ್ನುವುದಾದರೆ ಈ ವರ್ಷ ಬ್ರೇಕ್ ಮಾಡಿಸಿ, ರೀಮ್ಯಾಪ್ ಮುಂದಿನ ವರ್ಷಕ್ಕಿರಲಿ.